ಒಣ ಗಾಜಿನ ಮೇಲೆ ವೈಪರ್

ನಮ್ಮ ದೊಡ್ಡಮ್ಮ ಲಾಂಡ್ರಿಯ ವ್ಯಾನು ಓಡಿಸುತ್ತಾಳೆ. ಬೆಳಿಗ್ಗೆ ಲಾಡ್ಜುಗಳಿಗೂ ಸಣ್ಣ ಆಸ್ಪತ್ರೆಗಳಿಗೂ ಒಗೆದು ಮಡಚಿದ ಬೆಡ್‌ಶೀಟುಗಳನ್ನು ಕೊಟ್ಟು, ಅಲ್ಲಿಂದ ಕೊಳೆ ಬಟ್ಟೆಯ ಗಂಟುಗಳನ್ನು ಹೇರಿಕೊಂಡು ಮಧ್ಯಾಹ್ನದ ಹೊತ್ತಿಗೆ ವಾಪಸು ತರುವುದು ಅವಳ ಕೆಲಸ. ವ್ಯಾನು ಬಿಳಿ ಬಣ್ಣದ್ದು, ಪಕ್ಕದಲ್ಲಿ ಅಗಲವಾದ ನೀಲಿ ಪಟ್ಟೆ. ಹಿಂದಿನ ಬಾಗಿಲು ಗಟ್ಟಿಯಾಗಿ ತಳ್ಳದಿದ್ದರೆ ಹಾಕಿಕೊಳ್ಳುವುದಿಲ್ಲ. ಆದ್ದರಿಂದ ಅವಳು ಅದನ್ನು ಸೊಂಟದಿಂದ ಗುದ್ದಿ ಮುಚ್ಚುತ್ತಾಳೆ.

ಈ ಬರಹ ಅವಳ ಬಗ್ಗೆ. ಆದರೆ ಅವಳ ಬಗ್ಗೆ ಬರೆಯಬೇಕೆಂದರೆ ಡೀಸೆಲ್ ಬಗ್ಗೆ ಬರೆಯದೆ ಆಗುವುದಿಲ್ಲ. ನಾನು ಕಣ್ಣಾರೆ ನೋಡಿದ್ದು ಸ್ವಲ್ಪ. ಉಳಿದದ್ದನ್ನು ದೊಡ್ಡಮ್ಮ, ದೊಡ್ಡಪ್ಪ ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ ತಿಳಿದುಕೊಂಡೆ. ಇಬ್ಬರ ಮಾತು ಹೊಂದದ ಕಡೆ ಎರಡನ್ನೂ ಬರೆದಿದ್ದೇನೆ.

ನಮ್ಮ ನಗರದಲ್ಲಿ ಎಲ್ಲ ಪೆಟ್ರೋಲ್ ಬಂಕುಗಳಲ್ಲೂ ಒಂದೇ ಬೆಲೆ ಇರುವುದಿಲ್ಲ. ಬಂಕಿನವರು ತಮಗೆ ಗಿಟ್ಟುವ ಬೆಲೆಯನ್ನು ರಸ್ತೆಗೆ ಕಾಣುವಂತೆ ಎತ್ತರದ ಬೋರ್ಡಿನಲ್ಲಿ ಹಾಕುತ್ತಾರೆ, ಬೇಕೆನಿಸಿದಾಗ ಬದಲಾಯಿಸುತ್ತಾರೆ. ಫೋನಿನಲ್ಲಿ ಬೆಲೆ ತೋರಿಸುವ ಆ್ಯಪ್‌ಗಳಿವೆ. ಆದರೆ ಅವು ಹೇಳುವುದು ಹೆಚ್ಚಾಗಿ ನಿನ್ನೆಯ ಬೆಲೆ. ಹಾಗಾಗಿ ದೊಡ್ಡಮ್ಮ ಬೋರ್ಡುಗಳನ್ನೇ ನಂಬುತ್ತಾಳೆ. ಅವಳ ಪಕ್ಕದಲ್ಲಿ ಕೂತು ಹೋಗುವುದೆಂದರೆ ಅವಳ ಪ್ರಶ್ನೆಗಳನ್ನು ಕೇಳುತ್ತಾ ಹೋಗುವುದು. ಆಸ್ಪತ್ರೆ ಹತ್ತಿರದ ಬಂಕಿನಲ್ಲಿ ಯಾವಾಗಲೂ ದುಬಾರಿ, ಯಾಕೆ? ದೊಡ್ಡ ಅಂಗಡಿಯ ಪಕ್ಕದ ಬಂಕಿನಲ್ಲಿ ಅಗ್ಗ, ಅದು ಯಾಕೆ? ಊರೊಳಗೆ ಬರುವ ಕಡೆಯ ಬಂಕಿನಲ್ಲಿ ಒಂದು ಬೆಲೆ, ಅದರ ಎದುರಿಗೇ ಊರು ಬಿಟ್ಟು ಹೋಗುವ ಕಡೆಯ ಬಂಕಿನಲ್ಲಿ ಇನ್ನೊಂದು ಬೆಲೆ. "ನಡುವೆ ಇರೋದು ಒಂದು ರಸ್ತೆ ತಾನೇ? ರಸ್ತೆ ದಾಟೋವಾಗ ಡೀಸೆಲ್‌ಗೆ ಏನಾಗತ್ತೆ?" ಎಂದು ಅವಳು ಕೇಳುತ್ತಾಳೆ. ಉತ್ತರ ಸಿಗದಿದ್ದರೆ ಬಂಕಿನಲ್ಲಿ ಪೈಪು ಹಿಡಿದವರನ್ನೇ ಕೇಳುತ್ತಾಳೆ. ಅವರು ನಗುತ್ತಾರೆ. ಅವಳು ನಗುವುದಿಲ್ಲ, ಉತ್ತರಕ್ಕೆ ಕಾಯುತ್ತಾಳೆ.

ಅವಳು ಮೊದಲು ಅದೇ ಲಾಂಡ್ರಿಯಲ್ಲಿ ಇಸ್ತ್ರಿ ಮೇಜಿನ ಮುಂದೆ ನಿಲ್ಲುತ್ತಿದ್ದಳು. ವರ್ಷಗಟ್ಟಲೆ ನಿಂತಳು. ಮೇಜಿನ ಎದುರಿಗೆ ಗೋಡೆ, ಎಡಕ್ಕೆ ಹಬೆ, ಬಲಕ್ಕೆ ಮಡಚುವವರು. ವ್ಯಾನು ಓಡಿಸುತ್ತಿದ್ದವರು ಬೇರೆ ಕೆಲಸ ಹುಡುಕಿಕೊಂಡು ಹೋದಾಗ, "ನಾನು ಕಲೀತೀನಿ" ಎಂದಳಂತೆ. ಡ್ರೈವಿಂಗ್ ಕಲಿಸಿದವರು ಅವಳ ಪ್ರಶ್ನೆಗಳಿಗೆ ಸುಸ್ತಾಗಿ, "ಅಮ್ಮಾ, ಕ್ಲಚ್ ಯಾಕೆ ಅಂತ ಆಮೇಲೆ ಹೇಳ್ತೀನಿ, ಮೊದ್ಲು ಒತ್ತಿ, ಎದುರಿಗೆ ಬಸ್ ಇದೆ!" ಎಂದು ಕೂಗಿದ್ದರು ಎನ್ನುವುದು ದೊಡ್ಡಪ್ಪನ ಕಥೆ. ಬಸ್ಸು ನಿಂತಿತ್ತು ಎನ್ನುವುದು ದೊಡ್ಡಮ್ಮನ ತಿದ್ದುಪಡಿ.

ದೊಡ್ಡಪ್ಪ ಮನೆಯಲ್ಲೇ ಹೊಲಿಯುತ್ತಾರೆ. ಲಾಡ್ಜಿನ ಬೆಡ್‌ಶೀಟು ಮೊದಲು ಸವೆಯುವುದು ಮಧ್ಯದಲ್ಲಿ. ಅವರು ಅದನ್ನು ಉದ್ದಕ್ಕೆ ಕತ್ತರಿಸಿ, ಗಟ್ಟಿಯಿರುವ ಅಂಚುಗಳನ್ನು ನಡುವಿಗೆ ತಂದು ಜೋಡಿಸಿ, ಸವೆದ ಭಾಗವನ್ನು ಹಾಸಿಗೆಯ ಕೆಳಗೆ ಸಿಕ್ಕಿಸಲು ಹೊರಗಡೆ ಬಿಡುತ್ತಾರೆ. ಹೀಗೆ ಒಂದು ಬೆಡ್‌ಶೀಟು ಎರಡು ಸಲ ಹೊಸದಾಗುತ್ತದೆ. ಮನೆಯ ಮುಂದಿನ ಕೋಣೆ ಪೂರ್ತಿ ಬಿಳಿ ಬಟ್ಟೆಯ ರಾಶಿ. ಕೂರಬೇಕೆಂದರೆ ಯಾವುದೋ ಲಾಡ್ಜನ್ನು ಪಕ್ಕಕ್ಕೆ ಸರಿಸಿ ಕೂರಬೇಕು.

ಇನ್ನು ವೈಪರಿನ ವಿಷಯ. ದೊಡ್ಡಮ್ಮ ಓಡಾಡುವ ರಸ್ತೆಗಳಲ್ಲೇ ಓಡಾಡುವ ಬೇರೆ ಗಾಡಿಗಳವರೂ ಇದ್ದಾರೆ. ನೀರಿನ ಕ್ಯಾನಿನವರು, ಪಾರ್ಸೆಲ್ಲಿನವರು, ತರಕಾರಿಯವರು, ಶಾಲೆ ಮಕ್ಕಳನ್ನು ಕರೆದೊಯ್ಯುವವರು. ಅವರೆಲ್ಲ ಮಾರುಕಟ್ಟೆ ಹಿಂದಿನ ಟೀ ಅಂಗಡಿಯಲ್ಲಿ ಸೇರುತ್ತಾರೆ. ಒಂದು ದಿನ ದೊಡ್ಡಮ್ಮ ಎಲ್ಲೋ ತುಂಬ ಅಗ್ಗದ ಬೋರ್ಡು ನೋಡಿ, ಡೀಸೆಲ್ ಹಾಕಿಸಿಕೊಂಡು ಹೊರಟಳು. ಎದುರಿನಿಂದ ನೀರಿನ ಕ್ಯಾನಿನ ಗಾಡಿ ಬಂತು. ಅದನ್ನು ಓಡಿಸುತ್ತಿದ್ದವನಿಗೆ ಹೇಗಾದರೂ ತಿಳಿಸಬೇಕೆಂಬ ಅವಸರದಲ್ಲಿ ಹಾರ್ನಿನ ಬದಲು ವೈಪರ್ ಹಾಕಿಬಿಟ್ಟಳು. ಸುಡು ಬಿಸಿಲಿನಲ್ಲಿ ಒಣ ಗಾಜಿನ ಮೇಲೆ ವೈಪರ್ ಕಿರ್ರೆಂದು ಒಂದು ಸಲ ಆಡಿ ನಿಂತಿತು. ಟೀ ಅಂಗಡಿಯಲ್ಲಿ ಅವನು ಕೇಳಿದ, "ಅಕ್ಕಾ, ಏನದು, ಬಿಸಿಲನ್ನ ಒರೆಸ್ತಿದ್ರಾ?" ಅವಳು ವಿಷಯ ಹೇಳಿದಳು. ಅಂದಿನಿಂದ ಅದೇ ರೂಢಿಯಾಯಿತು. ಎದುರು ಬರುವ ಗಾಡಿಯ ವೈಪರ್ ಒಣ ಗಾಜಿನ ಮೇಲೆ ಒಂದು ಸಲ ಆಡಿದರೆ, ಅದು ಬಂದ ದಾರಿಯಲ್ಲಿ ಅಗ್ಗದ ಬಂಕು ಇದೆ ಎಂದು ಅರ್ಥ. ನೋಡಿದವರು ತಾವೂ ಮುಂದೆ ಸಿಕ್ಕವರಿಗೆ ಆಡಿಸಬೇಕು. ಪೆಟ್ರೋಲ್ ಬೈಕಿನಲ್ಲಿ ಪಾರ್ಸೆಲ್ ಹಂಚುವ ಹುಡುಗಿಗೆ ವೈಪರ್ ಇಲ್ಲ, ಅವಳು ಹೆಲ್ಮೆಟ್ ಮೇಲೆ ತಟ್ಟುತ್ತಾಳೆ. "ಮಳೆ ಬಂದ್ರೆ?" ಎಂದು ನಾನು ಕೇಳಿದಾಗ ದೊಡ್ಡಮ್ಮ, "ಮಳೆ ದಿನ ಎಲ್ರೂ ಸುಳ್ಳರೇ ಬಿಡು," ಎಂದಳು.

ನೀರಿನ ಕ್ಯಾನಿನವನ ಅಡ್ಡಹೆಸರು ಗುಡುಗು. ಅವನ ಗಂಟಲು ಹಾಗಿದೆ. ಅವನು ಗುಟ್ಟು ಹೇಳಿದರೆ ಪಕ್ಕದ ಬೀದಿಗೆ ಕೇಳುತ್ತದೆ.

ಈ ವರ್ಷ ಡೀಸೆಲ್ ಏರುತ್ತಲೇ ಹೋಯಿತು. ಒಂದು ದಿನ ಲಾಂಡ್ರಿ ಸಾಹುಕಾರರು ದೊಡ್ಡಮ್ಮನನ್ನು ಒಳಗೆ ಕರೆದರು. ಒಳ್ಳೆಯ ಮನುಷ್ಯ, ಕೆಟ್ಟ ಸುದ್ದಿ ಹೇಳುವಾಗ ಎದುರಿಗಿದ್ದವರನ್ನು ನೋಡದೆ ಕಿಟಕಿ ನೋಡುತ್ತಾರೆ. ಅಂದು ಕಿಟಕಿಯನ್ನೇ ನೋಡುತ್ತಿದ್ದರು.

"ಕೂತ್ಕೊಳ್ಳಿ. ಒಂದು ಕಂಪನಿಯವ್ರು ಬಂದಿದ್ರು. ಅವ್ರದೇ ಗಾಡಿ, ಅವ್ರದೇ ಡ್ರೈವರು. ನಾವು ವ್ಯಾನಿಗೆ ಸುರಿಯೋದಕ್ಕಿಂತ ಕಡಿಮೆಗೆ ಮಾಡಿಕೊಡ್ತಾರಂತೆ."

"ಹಾಗಾದ್ರೆ ನಮ್ಮ ಗಾಡಿ?"

"ಮಾರಬೇಕಾಗತ್ತೆ. ನಿಮ್ಮ ಕೆಲ್ಸಕ್ಕೇನೂ ತೊಂದ್ರೆ ಇಲ್ಲಮ್ಮ. ಇಸ್ತ್ರಿ ಮೇಜು ಇದ್ದೇ ಇದೆಯಲ್ಲ."

ದೊಡ್ಡಮ್ಮ ಕೂತಲ್ಲಿಂದ ಏಳಲಿಲ್ಲ. ಸಾಹುಕಾರರಿಗೇ ತಡೆಯಲಾಗದೆ ಮತ್ತೆ ಮಾತಾಡಿದರು. ಮುಂದಿನ ತಿಂಗಳು ಮುಗಿಯುವವರೆಗೆ ಸಮಯ ಕೊಡುತ್ತೇನೆ, ಡೀಸೆಲ್ ಖರ್ಚು ಕಂಪನಿಯವರು ಹೇಳಿದ ಮಟ್ಟಕ್ಕೆ ಇಳಿದರೆ ವ್ಯಾನು ಇಟ್ಟುಕೊಳ್ಳುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದರು.

ಮನೆಗೆ ಬಂದು ಅವಳು ಇದನ್ನು ಹೇಳಿದಾಗ ದೊಡ್ಡಪ್ಪ ಹೊಲಿಗೆ ನಿಲ್ಲಿಸಿದರು.

"ಇಸ್ತ್ರಿ ಮೇಜಿಗೆ ಹೋದ್ರೆ ತಪ್ಪೇನು? ನೆರಳಲ್ಲಿ ಇರ್ತೀಯ."

"ರೀ, ನೆರಳಲ್ಲಿ ಗೋಡೆ ಬಿಟ್ರೆ ಇನ್ನೇನು ಕಾಣತ್ತೆ? ಆ ಗೋಡೇಲಿ ಎಷ್ಟು ಬಿರುಕು ಇದೆ ಅಂತ ನಂಗೆ ಬಾಯಿಪಾಠ."

ದೊಡ್ಡಪ್ಪ ಮತ್ತೆ ಆ ಮಾತು ಎತ್ತಲಿಲ್ಲ.

ಅವಳು ಡೀಸೆಲ್ ಬೇಟೆಯನ್ನು ಜೋರು ಮಾಡಿದಳು. ಆಗಲೇ ಒಂದು ವಿಚಿತ್ರ ಅವಳ ಕಣ್ಣಿಗೆ ಬಿದ್ದದ್ದು. ಅವಳು ಯಾವ ಬಂಕನ್ನು ಹುಡುಕಿ ತೆಗೆದರೂ, ಮುಂದಿನ ಸಲ ಹೋಗುವಷ್ಟರಲ್ಲಿ ಅಲ್ಲಿ ಬೆಲೆ ಏರಿರುತ್ತಿತ್ತು. ಹೊಳೆಯ ಸೇತುವೆ ಪಕ್ಕದ ಬಂಕು ಹಾಗಾಯಿತು. ಮರದ ಮಿಲ್ಲುಗಳ ಬೀದಿಯ ಬಂಕು ಹಾಗಾಯಿತು. ಅವಳು ಕಾಲಿಡದ ಬಂಕುಗಳಲ್ಲಿ ಮಾತ್ರ ಬೆಲೆ ಸುಮ್ಮನೆ ಕೂತಿರುತ್ತಿತ್ತು.

"ನಿನ್ನ ಕಾಲ್ಗುಣ ಕಣೇ," ಎಂದರು ದೊಡ್ಡಪ್ಪ, ಬಾಯಲ್ಲಿ ದಾರ ಕಚ್ಚಿಕೊಂಡೇ.

"ನಿಮ್ಮನೆಗೆ ಕಾಲಿಟ್ಟಾಗ ಏನಾಗಿತ್ತು?"

"ಅವತ್ತೂ ಖರ್ಚು ಏರ್ತು."

ಅವಳು ನಕ್ಕಳು, ಆದರೆ ತಲೆಯೊಳಗೆ ಹುಳ ಹೊಕ್ಕಾಗಿತ್ತು. ಕಾಲ್ಗುಣ ಎಂದು ಬಿಟ್ಟುಬಿಡುವ ಹೆಂಗಸಲ್ಲ ಅವಳು. ಬೆಲೆ ತಾನಾಗಿ ಏರುವುದಿಲ್ಲ, ಯಾರೋ ಏರಿಸುತ್ತಾರೆ. ಯಾರು, ಯಾವಾಗ, ಯಾಕೆ?

ಅತ್ತ ಟೀ ಅಂಗಡಿಯಲ್ಲಿ ಬೇರೆ ಗುಮಾನಿ ಶುರುವಾಗಿತ್ತು. ಗುಡುಗು ಲೋಟ ಕೆಳಗಿಟ್ಟು, ತನ್ನ ಲೆಕ್ಕದಲ್ಲಿ ಮೆಲ್ಲಗೆ, ಅಂದರೆ ಅಂಗಡಿಗೆಲ್ಲ ಕೇಳುವ ಹಾಗೆ, ಕೇಳಿದ.

"ಅಕ್ಕಾ, ಬೇಜಾರು ಮಾಡ್ಕೋಬೇಡಿ. ನೀವು ವೈಪರ್ ಹಾಕಿದ್ರಿ ಅಂತ ಓಡಿದೆ. ಅಲ್ಲಿ ನೋಡಿದ್ರೆ ಬೆಲೆ ಆಕಾಶದಲ್ಲಿದೆ. ಇದು ಮೂರನೇ ಸಲ."

"ನಾನು ಹಾಕಿಸ್ಕೊಂಡಾಗ ಕಡಿಮೆ ಇತ್ತಪ್ಪಾ."

"ಅಂದ್ರೆ ನಾನು ದಾರೀಲಿ ಮಲ್ಕೊಂಡಿದ್ನಾ? ನೀವು ಹೋಗಿ ಹತ್ತು ನಿಮಿಷ ಆಗಿಲ್ಲ!"

ಪಾರ್ಸೆಲ್ ಹುಡುಗಿ ಹೆಲ್ಮೆಟ್ ತೆಗೆಯುತ್ತಾ, "ನಂಗೂ ಹಾಗೇ ಆಯ್ತು ಆಂಟಿ. ಪೆಟ್ರೋಲೂ ಏರಿಸಿದ್ರು," ಎಂದಳು.

ತರಕಾರಿಯವರು, "ಅಕ್ಕನಿಗೆ ಬಂಕಿನವರು ಕಮಿಷನ್ ಕೊಡ್ತಾರೇನೋ," ಎಂದು ತಮಾಷೆ ಮಾಡಿದರು. ಯಾರೂ ನಗಲಿಲ್ಲ. ದೊಡ್ಡಮ್ಮ ಟೀ ಪೂರ್ತಿ ಕುಡಿಯದೆ ಎದ್ದು ಬಂದಳು.

ಉತ್ತರ ಸಿಕ್ಕಿದ್ದು ವ್ಯಾನಿನ ಪಕ್ಕದ ಕನ್ನಡಿಯಲ್ಲಿ. ರೈಲ್ವೆ ಹಳಿಯ ಆಚೆ, ಗ್ಯಾರೇಜುಗಳ ಸಾಲಿನಲ್ಲಿ, ಒಂದು ಹಳೆಯ ಬಂಕು ಇದೆ. ಅದರ ಬೋರ್ಡಿನಲ್ಲಿ ಈಗಿನಂತೆ ಮಿನುಗುವ ಅಂಕಿಗಳಿಲ್ಲ. ತಗಡಿನ ಅಂಕಿಗಳನ್ನು ಕೊಕ್ಕೆಗೆ ನೇತುಹಾಕಿರುತ್ತಾರೆ. ಬದಲಾಯಿಸಲು ಒಂದು ಉದ್ದನೆಯ ಕೋಲು, ತುದಿಯಲ್ಲಿ ಡೊಂಕು ಕಂಬಿ. ಅಂದು ದೊಡ್ಡಮ್ಮ ಅಲ್ಲಿ ಡೀಸೆಲ್ ಹಾಕಿಸಿಕೊಂಡು ರಸ್ತೆಗೆ ತಿರುಗಿದಳು. ಎದುರು ಬಂದ ಶಾಲಾ ವ್ಯಾನಿಗೆ ವೈಪರ್ ಆಡಿಸಿದಳು. ಆಡಿಸಿ, ಅಭ್ಯಾಸದಂತೆ ಕನ್ನಡಿ ನೋಡಿದಳು. ಬಂಕಿನ ಮಾಲೀಕರು ಗೋಡೆಗೆ ಒರಗಿಸಿದ್ದ ಕೋಲನ್ನು ಕೈಗೆ ತೆಗೆದುಕೊಂಡು, ಅವಳ ವ್ಯಾನಿನ ಕಡೆ ಒಮ್ಮೆ ನೋಡಿ, ನೇರವಾಗಿ ಬೋರ್ಡಿನ ಕಡೆಗೆ ನಡೆಯುತ್ತಿದ್ದರು.

ಅವಳು ಗಾಡಿಯನ್ನು ಅಲ್ಲೇ ಪಕ್ಕಕ್ಕೆ ಹಾಕಿ, ಇಳಿದು, ವಾಪಸು ನಡೆದಳು. ಅವಳು ತಲುಪುವಷ್ಟರಲ್ಲಿ ಒಂದು ಅಂಕಿ ಕೆಳಗಿಳಿದಿತ್ತು, ದೊಡ್ಡ ಅಂಕಿ ಕೋಲಿನ ತುದಿಯಲ್ಲಿ ತೂಗಾಡುತ್ತಿತ್ತು.

"ಸ್ವಾಮೀ, ನಾನು ಹೊರಟ ತಕ್ಷಣ ಬೆಲೆ ಏರಿಸ್ತಿದೀರಲ್ಲ, ಯಾಕೆ?"

ಮಾಲೀಕರು ಬೆಚ್ಚಿಬಿದ್ದು ಅಂಕಿಯನ್ನು ಬೀಳಿಸಿದರು. ತಗಡು ನೆಲಕ್ಕೆ ಬಿದ್ದು ಸದ್ದಾಯಿತು. ವಯಸ್ಸಾದವರು, ಕನ್ನಡಕ ಮೂಗಿನ ತುದಿಯಲ್ಲಿ.

"ನೀವು ಬಿಳಿ ವ್ಯಾನಿನವರಲ್ವಾ?"

"ಹೌದು."

"ಹಾಗಾದ್ರೆ ನಿಮಗೇ ಗೊತ್ತಿರಬೇಕಲ್ಲ. ನೀಲಿ ಪಟ್ಟೆ ವ್ಯಾನು ಬಂದು ಹೋದ್ರೆ ಹಿಂದೇನೇ ದಂಡು ಬರತ್ತೆ. ನಾನೊಬ್ಬನೇ ಅಲ್ಲಮ್ಮ, ಈ ಕಡೆ ಬಂಕಿನವರಿಗೆಲ್ಲ ಗೊತ್ತು. ಒಬ್ರಿಗೊಬ್ರು ಫೋನ್ ಮಾಡಿ ಹೇಳ್ತೀವಿ, ಬಿಳಿ ವ್ಯಾನು ನಿಮ್ಮ ಕಡೆ ಹೊರಟಿದೆ, ಹುಷಾರು ಅಂತ."

ದೊಡ್ಡಮ್ಮನಿಗೆ ನಗು ಬಂತಂತೆ. ದೊಡ್ಡಪ್ಪ ಹೇಳುವ ಪ್ರಕಾರ ಅವಳು ಮನೆಗೆ ಬಂದಾಗ ಮುಖ ಊದಿಕೊಂಡಿತ್ತು. ಎರಡೂ ನಿಜವಿರಬಹುದು. ಅಷ್ಟು ದಿನ ಅವಳು ಬೋರ್ಡುಗಳನ್ನು ಓದುತ್ತಿದ್ದಳು. ಆ ಬೋರ್ಡುಗಳ ಕೆಳಗೆ ನಿಂತವರು ಅವಳನ್ನು ಓದುತ್ತಿದ್ದರು.

"ಇದಕ್ಕೇನು ತಲೆ ಕೆಡಿಸ್ಕೋತೀಯ?" ಎಂದರು ದೊಡ್ಡಪ್ಪ. "ಡೀಸೆಲ್ ಹಾಕಿಸ್ಕೋ, ವೈಪರ್ ಮುಟ್ಟಬೇಡ. ಯಾರೂ ಬರಲ್ಲ, ಬೆಲೆ ಏರಲ್ಲ, ಗಾಡಿ ಉಳಿಯತ್ತೆ."

ಅವಳು ಹಾಗೆ ಮಾಡಿ ನೋಡಿದಳು. ಹಳೆಯ ಬಂಕಿಗೆ ಹೋಗದೆ, ಬೇರೊಂದು ಕಡೆ ಸುಮ್ಮನೆ ಹಾಕಿಸಿಕೊಂಡು ಹೊರಟಳು. ಎದುರಿಗೆ ಗುಡುಗಿನ ಗಾಡಿ ಬಂತು. ಅವನು ಅವಳ ಗಾಜನ್ನೇ ನೋಡುತ್ತಾ ಬಂದ. ಅವಳ ಎರಡೂ ಕೈ ಸ್ಟೀರಿಂಗ್ ಮೇಲೆ. ಗಾಡಿಗಳು ದಾಟಿದವು. ಮುಂದಿನ ಸಲ ಹೋದಾಗ ಆ ಬೋರ್ಡಿನಲ್ಲಿ ಬೆಲೆ ಅಷ್ಟೇ ಇತ್ತು. ಉಪಾಯವೇನೋ ಫಲಿಸಿತು. ಆದರೆ ಅವಳು ಒಬ್ಬಳೇ ನೋಡಬಹುದಾದ ಬೋರ್ಡುಗಳು ಎಷ್ಟು? ಅವಳಿಗೆ ಸಿಕ್ಕ ಅಗ್ಗದ ಬಂಕುಗಳಲ್ಲಿ ಅರ್ಧಕ್ಕರ್ಧ ಬೇರೆಯವರ ವೈಪರಿನಿಂದ ಸಿಕ್ಕವು. ಅವಳು ಆಡಿಸುವುದು ನಿಲ್ಲಿಸಿದ್ದನ್ನು ಗಮನಿಸಿ ಉಳಿದವರೂ ಅವಳಿಗೆ ಆಡಿಸುವುದನ್ನು ನಿಲ್ಲಿಸಿದರು. ಆ ಬಂಕಿನಲ್ಲೂ ಯಾವುದೋ ಬೇರೆ ಕಾರಣಕ್ಕೆ ಬೆಲೆ ಏರಿತು. ಆಗ ಅವಳ ಕೈಯಲ್ಲಿ ಏನೂ ಉಳಿಯಲಿಲ್ಲ. ಸಾಹುಕಾರರು ಕೊಟ್ಟ ಗಡುವಿನ ತಿಂಗಳಂತೂ ಅರ್ಧ ಕಳೆದಿತ್ತು.

ಇಷ್ಟರ ನಡುವೆಯೂ ಅವಳನ್ನು ಕೊರೆಯುತ್ತಿದ್ದದ್ದು ಬೇರೆ. ಒಂದು ಸಂಜೆ ಬಟ್ಟೆಯ ರಾಶಿಯ ಮೇಲೆ ಕೂತು ಅವಳು ದೊಡ್ಡಪ್ಪನನ್ನು ಕೇಳಿದಳು.

"ಅಲ್ಲಾ ರೀ, ಅಂಗಡಿ ಇಟ್ಟವನಿಗೆ ಗಿರಾಕಿ ಬಂದ್ರೆ ಖುಷಿ ಆಗ್ಬೇಕು ತಾನೇ? ದಂಡು ಬರತ್ತೆ ಅಂತ ಗೊತ್ತಿದ್ದೂ ಬೆಲೆ ಏರಿಸಿ ಯಾಕೆ ವಾಪಸ್ ಕಳಿಸ್ತಾರೆ?"

"ದುರಾಸೆ."

"ದುರಾಸೆ ಇದ್ರೆ ಬಂದವರಿಗೆಲ್ಲ ಹಾಕಿ ದುಡ್ಡು ಮಾಡ್ಕೋಬೇಕು. ಅರ್ಧ ಜನ ಬೋರ್ಡು ನೋಡಿ ತಿರುಗಿಸ್ಕೊಂಡು ಹೋಗ್ತಾರೆ. ಹೋಗ್ಲಿ ಅಂತಾನೇ ಏರಿಸಿದ ಹಾಗಿತ್ತು ಆ ಮನುಷ್ಯನ ಮುಖ."

"ಹಾಗಾದ್ರೆ ಅವರನ್ನೇ ಕೇಳು. ನನ್ನ ಹೊಲಿಗೆ ಸೊಟ್ಟ ಹೋಗ್ತಿದೆ."

ಅವಳು ಮರುದಿನವೇ ಹೋದಳು. ಡೀಸೆಲ್ ಹಾಕಿಸಲು ಅಲ್ಲ, ಕೇಳಲು. ಮಧ್ಯಾಹ್ನದ ಹೊತ್ತು, ಬಂಕು ಖಾಲಿ. ಮಾಲೀಕರು ಅವಳನ್ನು ನೋಡಿದ ಕೂಡಲೇ ಕೋಲಿನ ಕಡೆ ಕೈ ಚಾಚಿದರು.

"ಕೋಲು ಇರ್ಲಿ ಬಿಡಿ," ಎಂದಳು ದೊಡ್ಡಮ್ಮ. "ನನ್ನ ಹಿಂದೆ ಯಾರೂ ಬರ್ತಿಲ್ಲ. ಒಂದು ಪ್ರಶ್ನೆ ಕೇಳಿ ಹೋಗ್ತೀನಿ."

ಪ್ರಶ್ನೆ ಕೇಳಿ ಮಾಲೀಕರು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಆಮೇಲೆ, "ಬನ್ನಿ," ಎಂದು ಅಂಗಳದ ಮೂಲೆಗೆ ಕರೆದುಕೊಂಡು ಹೋದರು. ಅಲ್ಲಿ ನೆಲದಲ್ಲಿ ಒಂದು ಕಬ್ಬಿಣದ ಮುಚ್ಚಳ. ಅದನ್ನು ತೆಗೆದು, ಗುರುತು ಹಾಕಿದ ಉದ್ದನೆಯ ಅಳತೆ ಕೋಲನ್ನು ಒಳಗೆ ಇಳಿಸಿದರು. ಕೋಲು ಅಷ್ಟೇನೂ ಆಳಕ್ಕೆ ಹೋಗಲಿಲ್ಲ. ಮೇಲೆತ್ತಿದಾಗ ಕೆಳಗಿನ ಸ್ವಲ್ಪ ಭಾಗ ಮಾತ್ರ ಒದ್ದೆಯಾಗಿ ಹೊಳೆಯುತ್ತಿತ್ತು.

"ಇಷ್ಟೇನಾ?" ಎಂದಳು ದೊಡ್ಡಮ್ಮ.

"ಇಷ್ಟೇ. ನಮ್ಮಪ್ಪನ ಕಾಲದ ಟ್ಯಾಂಕು. ಆಗ ಈ ಬೀದೀಲಿ ಗಾಡಿಗಳೇ ಇರಲಿಲ್ಲ. ದೊಡ್ಡ ಬಂಕಿನವರ ಟ್ಯಾಂಕು ನಮ್ಮದನ್ನ ನುಂಗಿ ಹಾಕತ್ತೆ. ಟ್ಯಾಂಕರ್ ಲಾರಿ ನಂಗೆ ಬೇಕಾದಾಗ ಬರಲ್ಲ, ಅದರ ಸರದಿ ಬಂದಾಗ ಬರತ್ತೆ. ನಿಮ್ಮ ದಂಡು ಮೊದಲನೇ ಸಲ ಬಂದಾಗ ಸಂತೋಷಾನೇ ಆಯ್ತಮ್ಮ. ಮಧ್ಯಾಹ್ನಕ್ಕೆ ಟ್ಯಾಂಕು ಖಾಲಿ! ಎರಡು ದಿನ ಗೇಟಿಗೆ ಹಗ್ಗ ಕಟ್ಟಿ ಕೂತೆ. ಈ ಗ್ಯಾರೇಜಿನವರು, ದಿನಾ ಬರೋರು, ಬಂದು ಬಂದು ವಾಪಸ್ ಹೋದ್ರು. ಕೆಲವರು ಮತ್ತೆ ಬರಲೇ ಇಲ್ಲ. ಅದಕ್ಕೇ ಬೆಲೆ ಏರಿಸೋದು. ಬೆಲೆ ಏರಿಸಿದ್ರೆ ದಂಡು ತಿರುಗತ್ತೆ, ಟ್ಯಾಂಕು ಉಳಿಯತ್ತೆ. ಆಮೇಲೆ ಇಳಿಸೋಕೆ ಧೈರ್ಯ ಬರಲ್ಲ."

ದೊಡ್ಡಮ್ಮ ಅಳತೆ ಕೋಲನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. ತಾನೂ ಒಮ್ಮೆ ಇಳಿಸಿ ನೋಡಬಹುದೇ ಎಂದು ಕೇಳಿದಳು. ಇಳಿಸಿದಳು. ಅಷ್ಟೇ ಬಂತು. ಅವಳಿಗೆ ಅದೆಷ್ಟು ಸಂತೋಷವಾಯಿತೆಂದರೆ, ಆ ಕ್ಷಣಕ್ಕೆ ಇಸ್ತ್ರಿ ಮೇಜು ಮರೆತೇ ಹೋಗಿತ್ತು ಎಂದು ಅವಳೇ ಹೇಳಿದಳು. ಬೋರ್ಡಿನ ಮೇಲಿನ ಅಂಕಿ ಎಲ್ಲಿಂದ ಬರುತ್ತದೆ ಎಂದು ಇಷ್ಟು ವರ್ಷ ಮೇಲೆ ನೋಡುತ್ತಿದ್ದಳಂತೆ. ಕಾರಣ ಇದ್ದದ್ದು ಕಾಲ ಕೆಳಗೆ.

ಆಮೇಲೆ ಕೇಳಿದಳು: "ದಂಡು ಒಟ್ಟಿಗೆ ಬರದೆ ಬಿಡಿಬಿಡಿಯಾಗಿ ಬಂದ್ರೆ?"

"ಹೇಗೆ?"

"ದಿನಕ್ಕೆ ನಾಲ್ಕೈದು ಗಾಡಿ. ಹೀಗೆ ಖಾಲಿ ಇರೋ ಹೊತ್ತಲ್ಲಿ. ಆದ್ರೆ ತಪ್ಪದೆ ಇಲ್ಲಿಗೇ ಬರ್ತಾರೆ, ಬೇರೆ ಕಡೆ ಹೋಗಲ್ಲ. ಆಗ ಬೆಲೆ ಕೆಳಗೆ ಇಡ್ತೀರಾ?"

ಮಾಲೀಕರು ಕನ್ನಡಕ ಮೇಲೇರಿಸಿಕೊಂಡು ಅವಳನ್ನು ನೋಡಿದರು. "ಇಡಬಹುದು. ಆದ್ರೆ ನೀವು ಆ ವೈಪರ್ ಹಾಕೋದು ಬಿಡ್ಬೇಕು. ಒಂದು ಸಲ ಆಡಿದ್ರೂ ನಾನು ಕೋಲು ಎತ್ತೋದೇ."

ಟೀ ಅಂಗಡಿಯಲ್ಲಿ ದೊಡ್ಡಮ್ಮ ಎಲ್ಲವನ್ನೂ ಬಿಡಿಸಿ ಹೇಳಿದಳು, ತಾನು ವೈಪರ್ ಹಾಕದೆ ಹೋದದ್ದನ್ನೂ ಸೇರಿಸಿ. ಗುಡುಗು ಅವಳನ್ನು ದುರುಗುಟ್ಟಿ ನೋಡಿದ.

"ಅವತ್ತು ನನ್ನ ಡೀಸೆಲ್ ಮುಳ್ಳು ಕೆಂಪಲ್ಲಿತ್ತು ಅಕ್ಕಾ. ಮುಂದೆ ಹೋಗಿ ದುಬಾರಿದು ಹಾಕಿಸ್ಕೊಂಡೆ."

"ಗೊತ್ತಪ್ಪಾ. ಅದಕ್ಕೇ ಈಗ ನಿನ್ನ ಎದುರಿಗೇ ಹೇಳ್ತಿರೋದು."

"ಬಯ್ಯೋಣ ಅಂದ್ರೆ ನೀವೇ ಹೇಳಿಬಿಟ್ರಿ. ಇನ್ನೇನು ಮಾಡ್ಲಿ," ಎಂದು ಗುಡುಗು ತನ್ನ ಬನ್ನಿನ ಅರ್ಧವನ್ನು ಮುರಿದು ಅವಳ ಕಡೆ ತಳ್ಳಿದ.

ತಕರಾರು ಇಲ್ಲದೆ ಇರಲಿಲ್ಲ. ಒಂದೇ ಬಂಕಿಗೆ ಗೂಟ ಹೊಡೆದುಕೊಂಡು ಕೂತರೆ, ಬೇರೆ ಕಡೆ ಇನ್ನೂ ಅಗ್ಗವಾದಾಗ ಹೊಟ್ಟೆ ಉರಿಯುವುದಿಲ್ಲವೇ ಎಂದರು ತರಕಾರಿಯವರು. ಉರಿಯುತ್ತದೆ ಎಂದಳು ದೊಡ್ಡಮ್ಮ. ಅಗ್ಗ ಹುಡುಕಿಕೊಂಡು ಸುತ್ತುವುದರಲ್ಲೇ ಎಷ್ಟು ಡೀಸೆಲ್ ಸುಡುತ್ತೇವೆ ಎಂದು ಯಾರಾದರೂ ಯೋಚಿಸಿದ್ದೀರಾ ಎಂದೂ ಕೇಳಿದಳು. ಯಾರೂ ಯೋಚಿಸಿರಲಿಲ್ಲ, ಅವಳೂ ಕೂಡ. ಆ ಪ್ರಶ್ನೆ ಅವಳಿಗೆ ಅಲ್ಲೇ, ಅದೇ ಕ್ಷಣ ಹೊಳೆದದ್ದು. ಕೊನೆಗೆ ವಾರದ ದಿನಗಳನ್ನು ಹಂಚಿಕೊಂಡರು. ದೊಡ್ಡಮ್ಮನಿಗೆ ಮಂಗಳವಾರ, ಗುಡುಗಿಗೆ ಗುರುವಾರ. ಪೆಟ್ರೋಲ್ ಬೈಕುಗಳಿಗೆ ಬೇರೆ ಸರದಿ. ಅದನ್ನು ನೋಡಿಕೊಳ್ಳುವ ಹೊಣೆ ಪಾರ್ಸೆಲ್ ಹುಡುಗಿಯದು. ಹಳೆಯ ಬಂಕಿನ ಮಾಲೀಕರೂ ಬೋರ್ಡಿನ ಅಂಕಿ ಇಳಿಸಿದರು.

ಕಷ್ಟವಾದದ್ದು ಸರದಿಯಲ್ಲ, ಕೈ. ಇಷ್ಟು ದಿನ ಡೀಸೆಲ್ ಹಾಕಿಸಿಕೊಂಡ ಕೂಡಲೇ ವೈಪರಿನ ಕಡೆ ಹೋಗುತ್ತಿದ್ದ ಕೈ ಹೇಳಿದ ಮಾತು ಕೇಳುವುದಿಲ್ಲ. ಮೊದಲ ಗುರುವಾರವೇ ಗುಡುಗು ಟ್ಯಾಂಕು ತುಂಬಿಸಿ, ಖುಷಿಯಲ್ಲಿ ರಸ್ತೆಗೆ ಬಂದು, ಎದುರಿನ ಐಸ್ ಗಾಡಿಗೆ ವೈಪರ್ ಆಡಿಸಿಯೇಬಿಟ್ಟ. ಐಸ್ ಗಾಡಿಯವರು ಟೀ ಅಂಗಡಿಗೆ ಬರುವವರಲ್ಲ. ಆದರೆ ಅಷ್ಟರಲ್ಲಿ ಈ ಸಂಜ್ಞೆ ಅರ್ಧ ಊರಿಗೇ ಗೊತ್ತಾಗಿತ್ತು. ಅವರು ಮುಂದಿನವರಿಗೆ ಆಡಿಸಿದರು, ಅವರು ಅದರ ಮುಂದಿನವರಿಗೆ. ಗುಡುಗು ತಲೆ ತಲೆ ಚಚ್ಚಿಕೊಳ್ಳುತ್ತಾ ದೊಡ್ಡಮ್ಮನಿಗೆ ಫೋನ್ ಮಾಡಿದ.

ಅವಳು ಲಾಡ್ಜಿನ ಗಂಟುಗಳ ಸಮೇತ ಬಂಕಿಗೆ ಬಂದಾಗ ಗೇಟಿನಲ್ಲಿ ಆಗಲೇ ಐದಾರು ಗಾಡಿ. ಮಾಲೀಕರ ಕೈಯಲ್ಲಿ ಕೋಲು.

"ನಾನು ಹೇಳಿರಲಿಲ್ವಾ?" ಎಂದರು ಅವರು.

"ಹೇಳಿದ್ರಿ. ಆದ್ರೆ ಸ್ವಲ್ಪ ತಡೀರಿ."

ಅವಳು ಗೇಟಿನ ಬಾಯಲ್ಲಿ ನಿಂತುಕೊಂಡು, ಬಂದ ಒಂದೊಂದು ಗಾಡಿಯ ಕಿಟಕಿಯ ಹತ್ತಿರ ಹೋಗಿ ಮಾತಾಡಿದಳು. ಬೈದವರಿದ್ದರು. "ನೀವೇನು ಬಂಕಿನ ಕಾವಲುಗಾರರಾ?" ಎಂದು ಒಬ್ಬರು ಕೇಳಿದರು. ಒಬ್ಬರಂತೂ ಹಾರ್ನ್ ಮೇಲೆ ಕೈ ಒತ್ತಿಹಿಡಿದು ಅವಳ ಮಾತನ್ನೇ ಕೇಳಲಿಲ್ಲ. ಅವಳು ಹಾರ್ನ್ ನಿಲ್ಲುವವರೆಗೆ ಕಾದು, ಮತ್ತೆ ಮೊದಲಿನಿಂದ ಹೇಳಿದಳು. ನೆಲದಡಿಯ ಟ್ಯಾಂಕು ಸಣ್ಣದು, ಈಗ ಎಲ್ಲರೂ ಹಾಕಿಸಿಕೊಂಡರೆ ನಾಳೆ ಯಾರಿಗೂ ಇಲ್ಲ, ಬರುವುದಾದರೆ ದಿನ ಗೊತ್ತು ಮಾಡಿಕೊಂಡು ಬನ್ನಿ. ಮೂವರು ಹೊರಟುಹೋದರು. ಇಬ್ಬರು, "ಯಾವ ದಿನ ಖಾಲಿ ಇದೆ?" ಎಂದು ಕೇಳಿದರು.

ಮಾಲೀಕರು ಇದನ್ನೆಲ್ಲ ನೋಡುತ್ತಾ ನಿಂತಿದ್ದರು. ಗೇಟು ಖಾಲಿಯಾದ ಮೇಲೆ ಕೋಲನ್ನು ಗೋಡೆಗೆ ಒರಗಿಸಿ, ಒಳಗೆ ಹೋದರು. ಬೋರ್ಡಿನ ಅಂಕಿ ಹಾಗೇ ಉಳಿಯಿತು.

ಗುಡುಗು ಮಾತ್ರ ತನ್ನ ಕೈಯನ್ನು ನಂಬದೆ, ಗಾಜಿನ ಮೇಲಿನ ಎರಡೂ ವೈಪರ್ ಕಡ್ಡಿಗಳನ್ನು ಬಿಚ್ಚಿ ಸೀಟಿನ ಕೆಳಗಿಟ್ಟ. ಅದೇ ವಾರ ಮಳೆ ಬಂತು. ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿಕೊಂಡು, ತೊಪ್ಪೆಯಾಗಿ, ಊರಿಗೆಲ್ಲ ಕೇಳುವಂತೆ ಬೈದುಕೊಳ್ಳುತ್ತಾ ಗಾಡಿ ಓಡಿಸಿದ್ದನ್ನು ಪಾರ್ಸೆಲ್ ಹುಡುಗಿ ಇವತ್ತಿಗೂ ನಟಿಸಿ ತೋರಿಸುತ್ತಾಳೆ.

ತಿಂಗಳು ಮುಗಿಯಿತು. ಲಾಂಡ್ರಿ ಸಾಹುಕಾರರು ದೊಡ್ಡಮ್ಮನನ್ನು ಕರೆದರು. ಒಳಗೆ ಹೋಗುವ ಮುಂಚೆ ಅವಳು ಇಸ್ತ್ರಿ ಮೇಜಿನ ಹತ್ತಿರ ಒಂದು ಗಳಿಗೆ ನಿಂತಳು ಎಂದು ಮಡಚುವವರು ಹೇಳಿದರು. ತಾನು ನಿಲ್ಲಲಿಲ್ಲ, ಚಪ್ಪಲಿ ಸರಿಮಾಡಿಕೊಂಡೆ ಎನ್ನುತ್ತಾಳೆ ಅವಳು.

ಸಾಹುಕಾರರು ಕಿಟಕಿ ನೋಡುತ್ತಿರಲಿಲ್ಲ. ಅದನ್ನು ನೋಡಿಯೇ ಅವಳಿಗೆ ಅರ್ಧ ಜೀವ ಬಂತು.

"ಕಂಪನಿಯವರು ಹೇಳಿದ್ದಕ್ಕಿಂತ ಒಂದು ಕೂದಲೆಳೆ ಜಾಸ್ತಿ ಇದೆ," ಎಂದರು. "ಆದ್ರೆ ಕಳೆದ ವಾರ ಅವರ ಗಾಡೀನ ಪರೀಕ್ಷೆಗೆ ಕರೆಸಿದ್ದೆ. ಆಸ್ಪತ್ರೆ ಬಟ್ಟೆ ಲಾಡ್ಜಿಗೆ ಇಳಿಸಿ ಬಂದ್ರು. ನಂಗೆ ಅಷ್ಟು ಕಡಿಮೆ ಬೇಡಮ್ಮ. ವ್ಯಾನು ಮಾರಲ್ಲ. ನೀವೇ ಓಡಿಸಿ."

ದೊಡ್ಡಮ್ಮ ಎದ್ದು ನಿಂತಳು. "ಹಿಂದಿನ ಬಾಗಿಲು ರಿಪೇರಿ ಮಾಡಿಸ್ಬೇಕು," ಎಂದಳು.

"ಮಾಡಿಸೋಣ. ಅಂದ ಹಾಗೆ, ಡೀಸೆಲ್ ಇಷ್ಟು ಇಳೀತಲ್ಲ, ಎಲ್ಲಿ ಹಾಕಿಸ್ತಿದೀರಿ? ನನ್ನ ಕಾರೂ ಅಲ್ಲಿಗೇ ಕಳಿಸ್ತೀನಿ. ಮನೆಯವಳ ಕಾರೂ ಇದೆ, ಅಳಿಯಂದೂ ಒಂದು."

ದೊಡ್ಡಮ್ಮ ಬಾಗಿಲ ಹತ್ತಿರ ಹೋಗಿದ್ದವಳು ತಿರುಗಿ ನಿಂತಳು.

"ಪೆಟ್ರೋಲ್ ಕಾರುಗಳಾ, ಡೀಸೆಲ್ಲಾ?"

"ಪೆಟ್ರೋಲು."

"ಹಾಗಾದ್ರೆ ಅದು ನನ್ನ ಕೈಲಿಲ್ಲ ಯಜಮಾನ್ರೇ. ಪೆಟ್ರೋಲ್ ಸರದಿ ನೋಡಿಕೊಳ್ಳೋಳು ಪಾರ್ಸೆಲ್ ಹುಡುಗಿ. ಮೂರು ಕಾರು ಒಟ್ಟಿಗೆ ಅಂದ್ರೆ ಅವಳು ಒಪ್ಪಲಿಕ್ಕಿಲ್ಲ. ಒಂದನ್ನ ಕೇಳಿ ನೋಡ್ತೀನಿ."

ಸಾಹುಕಾರರು ಏನೋ ಹೇಳಲು ಬಾಯಿ ತೆರೆದವರು, "ಆಯ್ತು, ನನ್ನದೊಂದಕ್ಕೇ ಕೇಳಿ," ಎಂದರು.